ಸೋತವರು ಕಾಫಿ ತರಬೇಕು

ನಮ್ಮ ವರ್ಲೀನ್ ಟಟಲ್‌ಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನ ನಾನು ಹೊಗಳಿಕೆ ಅಂತಲೇ ಹೇಳ್ತಿದ್ದೀನಿ. ವರ್ಷಗಟ್ಟಲೆ ಶಾಲೆ ಬಸ್ಸು ಓಡಿಸಿದವಳು. ಹಿಂದಿನ ಸೀಟಲ್ಲಿ ಯಾವನಾದ್ರೂ ತರಲೆ ಶುರುಮಾಡಿದರೆ ಕನ್ನಡಿಯಲ್ಲಿ ಒಂದು ಸಲ ನೋಡೋಳು, ಇಡೀ ಬಸ್ಸು ಗಪ್‌ಚುಪ್. ನನ್ನ ಮಕ್ಕಳಿಬ್ಬರೂ ಆ ನೋಟಕ್ಕೆ ಹೆದರಿಕೊಂಡೇ ಬೆಳೆದರು.

ನಾನು ಗಸ್. ಪೇಟೆಯಲ್ಲಿ ಮಾಂಸದಂಗಡಿ ಇಟ್ಟಿದ್ದೆ, ಈಗ ಕತ್ತಿ ಕೆಳಗಿಟ್ಟು ಆರಾಮಾಗಿದ್ದೀನಿ. ದಿನಾ ಬೆಳಗ್ಗೆ ಹೆದ್ದಾರಿ ಪಕ್ಕದ ಗ್ರಿಡಲ್ ಬಾರ್ನ್ ಹೋಟೆಲಿನ ಕಿಟಕಿ ಟೇಬಲ್ಲಿನಲ್ಲಿ ನಾವು ನಾಲ್ವರು ಸೇರ್ತೀವಿ. ವರ್ಲೀನ್, ನಾನು, ಟ್ರ್ಯಾಕ್ಟರ್ ರಿಪೇರಿ ಮಾಡ್ತಿದ್ದ ಹಾರ್ಲನ್, ಅಂಚೆ ಹಂಚುತ್ತಿದ್ದ ವೆಂಡೆಲ್.

ಇಂಥ ಗ್ರಿಡಲ್ ಬಾರ್ನ್ ಊರೂರಿಗೂ ಒಂದಿದೆ. ಅದೇ ಕೆಂಪು ಸೀಟು, ಅದೇ ಪ್ಯಾನ್‌ಕೇಕು, ಅದೇ ಹುರಿದ ಆಲೂಗಡ್ಡೆ. ಒಂದು ಸಲ ವೆಂಡೆಲ್ಲನ ಅಳಿಯ ದೊಡ್ಡ ಪಟ್ಟಣದಿಂದ ಬಂದವನು ಇಲ್ಲಿ ಕೂತು ಮೂಗು ಮುರಿದ. "ಎಲ್ಲಿ ಹೋದ್ರೂ ಇದೇ ರುಚಿ ಅಲ್ವಾ?" ಅಂದ.

"ಹೌದಪ್ಪ, ಅದಕ್ಕೇ ಬರ್ತೀನಿ," ಅಂದಳು ವರ್ಲೀನ್. "ನನ್ ಮಗಳ ಅಡುಗೆ ದಿನಕ್ಕೊಂದು ಥರ. ನಿನ್ನೆ ಉಪ್ಪಿಲ್ಲ, ಇವತ್ತು ಉಪ್ಪೇ. ಇಲ್ಲಿ ಮೊಟ್ಟೆ ಅಂದ್ರೆ ಮೊಟ್ಟೆ."

ಆ ಹುಡುಗ ಕೇಳಿದ ನೊರೆಹಾಲಿನ ಕಾಫಿ ಕಂಡು ಇನ್ನೂ ರೇಗಿದಳು. ಅವಳಿಗೆ ಕಾಫಿ ಅಂದ್ರೆ ಕರೀ ಕಾಫಿ. ಗಾಜಿನ ಜಗ್ಗಿನಲ್ಲಿ ಒಂದು ಗಂಟೆ ಬಿಸಿ ತಟ್ಟೆ ಮೇಲೆ ಕೂತು ಕಹಿಯಾಗಿರಬೇಕು, ದಪ್ಪ ಪಿಂಗಾಣಿ ಕಪ್ಪಿನಲ್ಲೇ ಕುಡೀಬೇಕು. "ಹಾಲು ಬೇಕಾದ್ರೆ ಹಸು ಕಟ್ಟು," ಅಂತ ಅಳಿಯನ ಮುಖಕ್ಕೇ ಹೇಳಿದಳು. ಪಾಪ, ಅವನು ಮತ್ತೆ ಈ ಕಡೆ ತಲೆ ಹಾಕಿಲ್ಲ.

ನಮ್ಮ ಊರು ಶಿಕಾಗೋಗೂ ಸೇಂಟ್ ಲೂಯಿಸ್‌ಗೂ ನಡುವೆ ಇದೆ. ಹಾಗಾಗಿ ಬೇಸ್‌ಬಾಲ್ ಅಂದ್ರೆ ಮನೆಮನೆಯಲ್ಲೂ ಜಗಳ. ನಾವು ಮೂವರು ಗಂಡಸರು ಸೇಂಟ್ ಲೂಯಿಸ್ ಕಡೆ. ಅವಳೊಬ್ಬಳೇ ಶಿಕಾಗೋ ಕಡೆ. ಸೋತರೂ ಸೋತೆ ಅನ್ನೋ ಜಾತಿ ಅಲ್ಲ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಹಾಗೆ. ಎರಡು ತಂಡ ಎದುರುಬದುರಾಗಿ ಆಡಿದ ಮಾರನೇ ಬೆಳಗ್ಗೆ ನಮ್ಮ ಟೇಬಲ್ಲಿಗೆ ಒಂದೇ ಕಟ್ಟಳೆ: ಸೋತ ಕಡೆಯವರು ಎದ್ದು ಹೋಗಿ, ಬಾಗಿಲ ಹತ್ತಿರದ ಜಗ್ಗಿನಿಂದ ಕಾಫಿ ಬಗ್ಗಿಸಿಕೊಂಡು ಬಂದು ಗೆದ್ದವರ ಮುಂದೆ ಇಡಬೇಕು. ಗೆದ್ದವರು ಬೇಕಾದಷ್ಟು ಹಂಗಿಸಬಹುದು. ಕಾಫಿ ಸರಿಯಿಲ್ಲ ಅಂತ ವಾಪಸ್ ಕಳಿಸಬಹುದು. ನಾನು ಅವಳಿಗೆ ತಂದುಕೊಟ್ಟ ಕಪ್ಪುಗಳಿಗೆ ಲೆಕ್ಕ ಇಲ್ಲ, ಒಂದನ್ನಾದರೂ ಅವಳು ಚೆನ್ನಾಗಿದೆ ಅಂದಿದ್ದರೆ ಕೇಳಿ.

ಈ ಚಳಿಗಾಲದಲ್ಲಿ ವರ್ಲೀನ್ ಮನೆ ಮುಂದಿನ ಹಿಮದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಮೇಲೆ ಮಗಳ ಮನೇಲೇ ವಾಸ. ನೋಡೋಕೆ ಹೋದಾಗ ಮಗಳು ಅವಳ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಮಗಳು ಒಳಗೆ ಹೋದದ್ದೇ ತಡ, ವರ್ಲೀನ್ ಹಲ್ಲು ಕಡಿದಳು.

"ಲೋ ಗಸ್, ಮುರಿದಿದ್ದು ಸೊಂಟ ಕಣೋ, ಕೈಯಲ್ಲ. ಮನೆಯವರು ಕಾರಿನ ಕೀ ಕಿತ್ಕೊಂಡ್ರು. ಚಾಕು ಕಿತ್ಕೊಂಡ್ರು. ಟಿವಿ ಸಹ ಅವರೇ ಹಾಕ್ತಾರೆ, ಅವರೇ ಆರಿಸ್ತಾರೆ. ಏನೂ ಮಾಡೋಕೆ ಬಿಡಲ್ಲ."

ಬೇಗ ವಾಸಿಯಾಗು ಅಂತ ಏನೋ ಒದರಿ ಎದ್ದು ಬಂದೆ.

ಮೇ ತಿಂಗಳಲ್ಲಿ ವಾಕರ್ ತಳ್ಳಿಕೊಂಡು ಮತ್ತೆ ಟೇಬಲ್ಲಿಗೆ ಬಂದಳು. ಮಗಳು ಬಾಗಿಲವರೆಗೆ ಬಿಟ್ಟು ಹೋಗೋಳು. ಆಮೇಲೆ ಬಂತು ನೋಡಿ ಆ ಪಂದ್ಯ. ಶಿಕಾಗೋ ಹೀನಾಯವಾಗಿ ಸೋತಿತು. ಬೇರೆ ವರ್ಷ ಆಗಿದ್ದರೆ ನಾವು ಕುಣಿದಾಡ್ತಿದ್ವಿ. ಬೆಳಗ್ಗೆ ಹಾರ್ಲನ್ ಪಿಸುಗುಟ್ಟಿದ: "ಈ ಸಲ ಬೇಡ ಕಣ್ರೋ. ಪಾಪ, ನಾವೇ ತಂದಿಡೋಣ." ವೆಂಡೆಲ್ ಕಣ್ಣೊರೆಸಿಕೊಂಡ. ನನಗದು ಹಿಡಿಸಲಿಲ್ಲ. ಹಾರ್ಲನ್ ನಾಲ್ಕು ಕಪ್ಪು ತಂದು ಜೋಡಿಸಿದ.

ವರ್ಲೀನ್ ಬಂದಳು. ಕಪ್ಪುಗಳನ್ನ ನೋಡಿದಳು.

"ಯಾರು ತಂದಿದ್ದು?"

"ನಾನೇ," ಅಂದ ಹಾರ್ಲನ್. "ನಿನ್ ಕಾಲು..."

"ನನ್ ಕಾಲು ಆಡಿತ್ತಾ ನಿನ್ನೆ? ಆಡಿದ್ದು ನನ್ ಟೀಮು. ಸೋತಿದ್ದು ನನ್ ಟೀಮು. ಎಲ್ಲಾನೂ ಕಿತ್ಕೊಂಡಾಯ್ತು, ಸೋಲಾದ್ರೂ ನಂಗೆ ಬಿಡ್ರೋ! ಸುರಿ ಅದನ್ನ."

ಹಾರ್ಲನ್ ನಾಲ್ಕೂ ಕಪ್ಪನ್ನ ತಗೊಂಡು ಹೋಗಿ ಸುರಿದು, ಖಾಲಿ ಕಪ್ಪು ಜಗ್ಗಿನ ಪಕ್ಕ ಇಟ್ಟು ಬಂದ.

ಅವಳು ವಾಕರನ್ನ ಪಕ್ಕಕ್ಕೆ ತಳ್ಳಿದಳು. ಅದನ್ನ ಹಿಡಿದರೆ ಕಪ್ಪು ಹಿಡಿಯೋಕೆ ಕೈಯೆಲ್ಲಿ? ಒಂದು ಕೈಯಲ್ಲಿ ಸೀಟುಗಳ ಬೆನ್ನು ಹಿಡಿದು, ಇನ್ನೊಂದರಲ್ಲಿ ಬಿಸಿ ಕಪ್ಪು ಹಿಡಿದು ಹೊರಟಳು. ಮೊದಲನೇದು ಹಾರ್ಲನ್ ಮುಂದೆ ಬಂತು. ದಾರಿಯಲ್ಲಿ ತುಳುಕಿ ನೆಲ ಒದ್ದೆಯಾಯ್ತು.

ಹೊಸ ಮ್ಯಾನೇಜರ್ ಕೆಂಡ್ರಾ ಓಡಿ ಬಂದಳು. ಕೆಟ್ಟವಳಲ್ಲ, ಹೆದರುಪುಕ್ಕಲಿ.

"ಮೇಡಂ, ದಯವಿಟ್ಟು ಕೂತ್ಕೊಳ್ಳಿ. ಕಾಫಿಗೆ ಮುಚ್ಚಳ ಹಾಕಿಸಿ ನಾನೇ ತಂದುಕೊಡ್ತೀನಿ."

"ಮುಚ್ಚಳ ಇರೋದು ಎಳೇ ಮಕ್ಕಳ ಹಾಲಿಗಮ್ಮ."

"ನೀವು ಬಿದ್ರೆ ನನ್ ಕೆಲಸ ಹೋಗುತ್ತೆ. ಹೀಗೇ ಹಟ ಮಾಡಿದ್ರೆ, ಸಾರಿ, ನಾಳೆಯಿಂದ ನಿಮ್ಮನ್ನ ಒಳಗೆ ಬಿಡೋಕಾಗಲ್ಲ."

ಊರಿನಲ್ಲಿದ್ದ ಇನ್ನೊಂದು ಹೋಟೆಲು ಮುಚ್ಚಿ ಹೋಗಿದೆ. ಇಲ್ಲಿ ಬಾಗಿಲು ಹಾಕಿದರೆ ಅವಳಿಗೆ ಉಳಿಯೋದು ಮಗಳ ಮನೆಯ ಕುರ್ಚಿ, ಬೆಣ್ಣೆ ಸವರಿದ ಬ್ರೆಡ್ಡು.

"ನಾಳೆ ಬಿಡಬೇಡ," ಅಂದಳು ವರ್ಲೀನ್. ಗದ್ದ ಮೇಲೆತ್ತಿದ್ದಳು. "ಇವತ್ತು ಇನ್ನೂ ಎರಡು ಕಪ್ಪಿದೆ. ದಾರಿ ಬಿಡು."

ಕೆಂಡ್ರಾ ಬಿಟ್ಟಳು. ಎರಡನೇದು ವೆಂಡೆಲ್‌ಗೆ ಬಂತು. ಮೂರನೇದು ನನ್ನದು. ಅಷ್ಟರಲ್ಲಿ ಅವಳ ಹಣೆಯೆಲ್ಲ ಬೆವರು, ತುಟಿ ಬಿಳಿಚಿತ್ತು. ನಾನು ಟೇಬಲ್ಲಿನ ಅಂಚನ್ನ ಗಟ್ಟಿಯಾಗಿ ಹಿಡಿದು ಕೂತಿದ್ದೆ, ಇಲ್ಲದಿದ್ದರೆ ಎದ್ದು ಓಡಿಬಿಡ್ತಿದ್ದೆ. ಕಪ್ಪು ನನ್ನ ಮುಂದೆ ಬಂದಾಗ ಅರ್ಧವೇ ಇತ್ತು. ಅವಳು ಧಪ್ಪನೆ ಕೂತಳು.

"ಶಾಬಾಸ್ ಕಣಮ್ಮಾ," ಅಂದ ವೆಂಡೆಲ್, ಮಗು ಮೊದಲ ಸಲ ನಡೆದಾಗ ಅಂತಾರಲ್ಲ, ಆ ದನಿಯಲ್ಲಿ. ಹಾರ್ಲನ್ ಮೆಲ್ಲಗೆ ಅವಳ ಭುಜ ತಟ್ಟಿದ. ವರ್ಲೀನ್ ಮುಖ ಸಪ್ಪಗಾಗಿದ್ದನ್ನ ಕಣ್ಣಾರೆ ನೋಡಿದೆ. ಅಷ್ಟೆಲ್ಲ ಪಾಡುಪಟ್ಟು ತಂದವಳಿಗೆ ಇವರು ಕೊಟ್ಟಿದ್ದು ಮತ್ತದೇ ಕರುಣೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಅರ್ಧ ಕಪ್ಪನ್ನ ಒಂದೇ ಗುಟುಕಿಗೆ ಎತ್ತಿ ಟೇಬಲ್ ಮೇಲೆ ಕುಟ್ಟಿದೆ.

"ಏನೇ ಇದು ವರ್ಲೀನ್, ಅರ್ಧ ಕಪ್ಪು? ನಿಮ್ ಶಿಕಾಗೋದವರಿಗೆ ಚೆಂಡು ಹಿಡಿಯೋಕೂ ಬರಲ್ಲ, ಕಪ್ ಹಿಡಿಯೋಕೂ ಬರಲ್ವಾ? ಆರಿ ತಣ್ಣಗಾಗಿದೆ ಬೇರೆ. ಹೋಗು, ಇನ್ನೊಂದು ತಾ."

ಹಾರ್ಲನ್ ಟೇಬಲ್ ಕೆಳಗಿಂದ ನನ್ನ ಮೊಣಕಾಲಿಗೆ ಒದ್ದ. "ನಿನಗೇನು ತಲೆ ಕೆಟ್ಟಿದೆಯೇನೋ?" ಅಂದ. ಪಕ್ಕದ ಟೇಬಲ್ಲಿನ ಹೆಂಗಸು ನನ್ನನ್ನ ಕೊಲೆಗಾರನ ಹಾಗೆ ನೋಡಿದಳು.

ವರ್ಲೀನ್ ಮಾತ್ರ ನನ್ನನ್ನೇ ದಿಟ್ಟಿಸಿದಳು. ಬಸ್ಸಿನ ಕನ್ನಡಿಯ ಅದೇ ನೋಟ. ಆಮೇಲೆ ಚಳಿಗಾಲದಿಂದ ಇಲ್ಲಿವರೆಗೆ ನಾನು ಕಾಣದ ನಗು ಮುಖದ ತುಂಬ ಹರಡಿತು.

"ಹಾಳಾದ ಮುದಿಯ," ಅಂದಳು. "ನಿನ್ ಬಾಯಿಗಿಷ್ಟು ಮಣ್ಣು ಹಾಕ."

ಟೇಬಲ್ಲಿಗೆ ಕೈ ಊರಿ ಎದ್ದಳು. ಯಾರೂ ಹಿಡಿಯಲಿಲ್ಲ. ಕೆಂಡ್ರಾ ದಾರಿಗೆ ಅಡ್ಡವಿದ್ದ ಕುರ್ಚಿಯೊಂದನ್ನ ಸರಿಸಿ ಪಕ್ಕಕ್ಕೆ ನಿಂತಳು.

"ತುಂಬಿಸಿ ತರ್ತೀನಿ," ಅಂತ ವರ್ಲೀನ್ ನಡೆಯುತ್ತಲೇ ಕೂಗಿದಳು, "ನಾಲಿಗೆ ಸುಟ್ಕೊಂಡ್ರೆ ನನ್ನ ಕೇಳಬೇಡ!"