ತುಟಿಯಲ್ಲಿ ಕೆಂಪು ಹುಡುಕಿದ ದೊಡ್ಡಮ್ಮ

ದೊಡ್ಡಮ್ಮನ ಕೆಳತುಟಿಯ ಒಳಗಿಂದ ತೆಳ್ಳಗೆ ಹೊಗೆ ಎದ್ದಿತು. ಕೂದಲು ಸುಟ್ಟಂಥ ವಾಸನೆ ಬಂತು. ಕುಮಟೆಯ ದಂತವೈದ್ಯರ ಕೋಣೆಯಲ್ಲಿ ನಾನೂ ಲೇಸರ್ ಬೆಳಕು ಕಣ್ಣಿಗೆ ತಾಗದಂತೆ ಬಣ್ಣದ ಕನ್ನಡಕ ಹಾಕಿಕೊಂಡು, ಕೈಯಲ್ಲಿ ಬಿಳಿ ಬಟ್ಟೆ ಹಿಡಿದು ರಕ್ತಕ್ಕಾಗಿ ಕಾಯುತ್ತಿದ್ದೆ. ಹೃದಯದ ತೊಂದರೆಗೆಂದು ಅವಳು ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುತ್ತಾಳೆ. ಅದನ್ನು ನಿಲ್ಲಿಸುವ ಹಾಗಿರಲಿಲ್ಲ. ತುಟಿಯ ಒಳಗೆ ಒಂದು ಗಂಟು ಬೆಳೆದಿತ್ತು; ಊಟದ ಹೊತ್ತಿಗೆ ಅದು ಹಲ್ಲಿಗೆ ಸಿಕ್ಕರೆ ಸೆರಗು ತೋಯುವಷ್ಟು ರಕ್ತ ಹರಿಯುತ್ತಿತ್ತು.

ಲೇಸರ್‌ನ ಕೆಂಪು ಚುಕ್ಕೆ ಗಂಟಿನ ಬುಡವನ್ನು ನಿಧಾನವಾಗಿ ಸುತ್ತಿತು. ಗಂಟು ಕಳಚಿ ಬಂತು. ನನ್ನ ಕೈಯ ಬಟ್ಟೆ ಬೆಳ್ಳಗೇ ಉಳಿಯಿತು.

"ಆತು ಅಮ್ಮಾ," ಎಂದರು ವೈದ್ಯರು.

ದೊಡ್ಡಮ್ಮ ಕನ್ನಡಿ ಕೇಳಿದಳು. ಹೊನ್ನಾವರದ ಮೀನುಪೇಟೆಯಲ್ಲಿ ಮೀನು ಮಾರುವಾಗ ತಾಜಾ ಎಂದು ಗಿರಾಕಿಗೆ ಬಂಗಡೆಯ ಕೆಂಪು ಕಿವಿರು ಎತ್ತಿ ತೋರಿಸುತ್ತಾಳಲ್ಲ, ಹಾಗೆಯೇ ಹೆಬ್ಬೆರಳಿನಿಂದ ತುಟಿ ಮಡಚಿ ನೋಡಿದಳು. ಗಾಯ ಕಂದು ಬಣ್ಣಕ್ಕೆ ತಿರುಗಿತ್ತು, ಕೆಂಪು ಎಲ್ಲೂ ಇರಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು.

"ಕೊಯ್ದ್ರೂ ರಕ್ತ ಇಲ್ಲ ಅಂದ್ರೆ ಎಂತ ಡಾಕ್ಟ್ರೇ? ನಾ ಹಳೇ ಮೀನಾದ್ನಾ?" ಮರಗಟ್ಟಿದ ತುಟಿಯಲ್ಲೇ ಕೇಳಿದಳು.

ವೈದ್ಯರಿಗೆ ನಗು ಬಂತು. "ಇಲ್ಲ ಅಮ್ಮಾ. ಕೊಯ್ಯುವಾಗಲೇ ಅದರ ಬಿಸಿಗೆ ರಕ್ತನಾಳದ ಬಾಯಿ ಮುಚ್ಚಿ ಹೋಗ್ತದೆ."

ಅವಳು ನಂಬಲಿಲ್ಲ. ನನ್ನ ಕೈಯ ಬಟ್ಟೆಯನ್ನು ತೆಗೆದುಕೊಂಡು ಎರಡೂ ಬದಿ ತಿರುಗಿಸಿ ನೋಡಿದ ಮೇಲೆಯೇ ಕುರ್ಚಿಯಿಂದ ಇಳಿದಳು.

ಗಾಯ ಮಾಗಿದೆ, ದೊಡ್ಡಮ್ಮ ಮತ್ತೆ ಪೇಟೆಯಲ್ಲಿ ಕೂರುತ್ತಾಳೆ. "ಕೆಂಪು ನೋಡಿ," ಎಂದು ಅವಳು ಕಿವಿರು ಎತ್ತಿದಾಗ ಗಿರಾಕಿಗಳು ಮೀನನ್ನು ನೋಡುತ್ತಾರೆ. ನಾನು ಈಗಲೂ ರಕ್ತ ಬಿದ್ದಿದೆಯೇ ಎಂದು ಅವಳ ಸೆರಗು ನೋಡುತ್ತೇನೆ.