ಉಳಿದ ಹೊತ್ತು ಎಲ್ಲಿಗೆ ಹೋಯಿತು

ಸುನಂದಮ್ಮನವರ ಮೇಲೆ ನಾನು ಮೊದಲ ಸಲ ರೇಗಿದ್ದು ಬೆರಳ ಗುರುತಿನ ವಿಷಯಕ್ಕೆ. ಹುಣಸೂರಿನ ಒಂದು ಗ್ರಂಥಾಲಯದಲ್ಲಿ ಇಪ್ಪತ್ತಾರು ವರ್ಷ ಪುಸ್ತಕ ಕೊಡುವುದು, ಪುಸ್ತಕ ಇಸಿದುಕೊಳ್ಳುವುದು, ಇಷ್ಟೇ ನನ್ನ ಕೆಲಸವಾಗಿತ್ತು. ಹೆಸರು ಷಣ್ಮುಖಪ್ಪ. ಹಾಳೆಯ ಮೂಲೆ ಮಡಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ, ಅದನ್ನು ಮುಚ್ಚಿಟ್ಟುಕೊಳ್ಳುವ ಸ್ವಭಾವವೂ ನನ್ನದಲ್ಲ. ಸುನಂದಮ್ಮ ವಾಪಸು ತಂದ ಪುಸ್ತಕ ತೆರೆದು ನೋಡಿದರೆ ಪುಟ ಪುಟದ ಅಂಚಿಗೂ ಕಂದು ಬಣ್ಣದ ಬೆರಳಚ್ಚು.

"ಊಟದ ಕೈಯಲ್ಲೇ ಓದ್ತೀರೇನ್ರಿ?" ಎಂದೆ. ಅಲ್ಲಿ ಪತ್ರಿಕೆ ಓದುತ್ತಿದ್ದ ನಾಲ್ಕು ಜನ ತಲೆ ಎತ್ತಿದರು.

ಬೇರೆ ಯಾರಾದರೂ ಆಗಿದ್ದರೆ ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಸುನಂದಮ್ಮ ಎರಡೂ ಅಂಗೈ ನನ್ನ ಮೇಜಿನ ಮೇಲೆ ಚಾಚಿದರು. "ಊಟದ್ದಲ್ಲ ಸಾರ್, ಒಗೆಸೊಪ್ಪಿಂದು. ಸೋಪಲ್ಲಿ ತೊಳುದ್ರೂ ಓಗಲ್ಲ, ಸೀಗೆಪುಡೀಲಿ ತೊಳುದ್ರೂ ಓಗಲ್ಲ. ಪುಸ್ತಕ ಕೊಡಲ್ಲ ಅಂದ್ರೆ ಯೋಳ್ಬುಡಿ" ಎಂದರು. ತಂಬಾಕಿನ ಕರೆಯೆಂದು ತಿಳಿದ ಮೇಲೆ ಇನ್ನೊಂದು ಪುಸ್ತಕ ಕೊಟ್ಟು ಕಳಿಸಿದೆ.

ಆಗ ಅವರಿಗೆ ಮೂವತ್ತೊಂದು ವರ್ಷ. ಗಾವಡಗೆರೆ ಕಡೆಯ ಒಂದು ಹಳ್ಳಿಯ ಸೊಸೆ. ನಾಲ್ಕೆಕರೆ ಹೊಲ, ತಂಬಾಕು ಒಣಗಿಸುವ ಒಂದು ಬ್ಯಾರನ್, ಎರಡು ಹಸು, ಒಬ್ಬಳು ಮಗಳು. ಪಿಯುಸಿ ಮೊದಲ ವರ್ಷದಲ್ಲಿದ್ದಾಗ ಮದುವೆ ಮಾಡಿದರಂತೆ. ಹದಿಮೂರು ವರ್ಷ ಕಳೆದ ಮೇಲೆ, ಎರಡು ಸಾವಿರದ ಒಂದರಲ್ಲಿ, ಪಿಯುಸಿ ಮುಗಿಸದವರನ್ನೂ ತೆಗೆದುಕೊಳ್ಳುವ, ಮನೆಯಲ್ಲೇ ಕೂತು ಓದುವ ಬಿ.ಎ.ಗೆ ಸೇರಿದರು. ಗಂಡ ಜವರಯ್ಯ ಕೆಟ್ಟವನಲ್ಲ, ಲೆಕ್ಕಾಚಾರದವನು. "ಮೂರೇ ವರ್ಸ ಕಣೆ. ಒಂದು ಸಲ ಪೇಲಾದ್ರೂ ಅಲ್ಲಿಗೆ ನಿಲ್ಸುಬುಡ್ಬೇಕು" ಎಂದು ಮೊದಲೇ ಮಾತು ತೆಗೆದುಕೊಂಡಿದ್ದ. ಎರಡು ವರ್ಷ ಹೇಗೋ ದಾಟಿತು. ಮೂರನೆಯ ವರ್ಷ ಒಂದು ಪ್ರಬಂಧ ಬರೆಯಬೇಕಿತ್ತು. ವಿಷಯ, ತಂತ್ರಜ್ಞಾನ ಮತ್ತು ಸಮಾಜ. ಕನಿಷ್ಠ ಎಂಟು ಆಧಾರಗಳಿರಬೇಕು, ಅವೆಲ್ಲವನ್ನೂ ಸೇರಿಸಿ ಬರೆದವರದೇ ಆದ ಒಂದು ವಾದವಿರಬೇಕು. ಅದರಲ್ಲಿ ಪಾಸಾಗದಿದ್ದರೆ ಡಿಗ್ರಿ ಇಲ್ಲ.

ಅಲ್ಲಿ ನಾನು ಮೂಗು ತೂರಿಸಿದೆ. ಯಂತ್ರಗಳ ಚರಿತ್ರೆಯದೊಂದು ದಪ್ಪ ಪುಸ್ತಕ, ಹಳ್ಳಿಗಳಿಗೆ ಕರೆಂಟು ಬಂದ ಬಗ್ಗೆ ಒಂದು ವರದಿ, ಕುಡಿಯುವ ನೀರಿನ ಸಮೀಕ್ಷೆ, ತಂಬಾಕು ಬೇಸಾಯದ ಕೈಪಿಡಿ, ಜನಪದ ಸಂಸ್ಕೃತಿಯ ಮೇಲಿನ ಲೇಖನಗಳು, ಪತ್ರಿಕೆಯ ತುಣುಕುಗಳು, ಹೀಗೆ ಹನ್ನೊಂದು ಆಧಾರ ಹುಡುಕಿಕೊಟ್ಟೆ. ಎರಡೇ ಪುಸ್ತಕ ಕೊಡಬೇಕೆಂಬ ನಿಯಮವನ್ನು ನಾನೇ ಮುರಿದೆ. ಅಷ್ಟಕ್ಕೆ ಸುಮ್ಮನಿರಬೇಕಿತ್ತು. "ಮೊದಲ ಪುಟದಲ್ಲಿ ದೊಡ್ಡವರ ಮಾತು ಹಾಕಿ, ಕೊನೇ ಪುಟದಲ್ಲೂ ಹಾಕಿ. ಮಧ್ಯೆ ಏನಿದ್ರೂ ನಡೆಯುತ್ತೆ" ಎಂದು ಬುದ್ಧಿ ಬೇರೆ ಹೇಳಿದೆ.

ಅವರು ಹಾಗೇ ಬರೆದರು. ಇಪ್ಪತ್ತೆರಡು ಪುಟ ಮುತ್ತು ಪೋಣಿಸಿದಂಥ ಅಕ್ಷರ. ಪ್ರಬಂಧ ವಾಪಸು ಬಂತು. ಕೆಂಪು ಶಾಯಿಯಲ್ಲಿ ಅಧ್ಯಾಪಕರು ಒಂದೇ ಸಾಲು ಬರೆದಿದ್ದರು: "ಇದರಲ್ಲಿ ನಿಮ್ಮ ಮಾತು ಯಾವುದು? ಹದಿನೈದು ದಿನದಲ್ಲಿ ತಿದ್ದಿ ಕೊಡಿ."

ಅದನ್ನು ತಂದು ತೋರಿಸಿದಾಗ ಸುನಂದಮ್ಮ ಅಳಲಿಲ್ಲ. "ನಂದು ಅಂತ ಯೋಳಕ್ಕೆ ನನ್ ತಾವ ಏನೈತೆ ಸಾರ್?" ಎಂದು ಕೇಳಿದರು ಅಷ್ಟೆ. ನನಗೆ ನಾಚಿಕೆಯಾಯಿತು. ಕೆಡಿಸಿದವನು ನಾನು, ಶಿಕ್ಷೆ ಅವರಿಗೆ. ಆ ಭಾನುವಾರ ಇನ್ನೆರಡು ಪುಸ್ತಕ ಚೀಲಕ್ಕೆ ಹಾಕಿಕೊಂಡು ಅವರ ಊರಿನ ಬಸ್ಸು ಹತ್ತಿದೆ.

ನವೆಂಬರ್ ತಿಂಗಳು. ಬ್ಯಾರನ್ನಿನ ಮುಂದೆ ಗೋಣಿತಾಟು ಹಾಸಿ ಐದಾರು ಹೆಂಗಸರು ಸೊಪ್ಪು ವಿಂಗಡಿಸುತ್ತಿದ್ದರು. ಒಣಗಿದ ಎಲೆಯನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ಬಣ್ಣಕ್ಕೆ ತಕ್ಕ ಗುಡ್ಡೆಗೆ ಹಾಕಬೇಕು. ನಿಂಬೆ ಬಣ್ಣದ್ದು ಒಂದು, ಕಿತ್ತಳೆಯದೊಂದು, ಕಂದು ತಿರುಗಿದ್ದು, ಕಪ್ಪಾಗಿದ್ದು. ಹಗಲ ಬೆಳಕಿಲ್ಲದೆ ಆಗುವ ಕೆಲಸವಲ್ಲ, ಗಂಡಸರು ಮಾಡುವ ಕೆಲಸವೂ ಅಲ್ಲ. ಎಲ್ಲರ ನಡುವೆ ಅತ್ತೆ ಶಿವರುದ್ರಮ್ಮ ಕೂತಿದ್ದರು. ಅರವತ್ತೆಂಟು ವರ್ಷ, ಅಕ್ಷರ ಬಾರದು. ಅವರು ಮುಟ್ಟಿದ ಎಲೆಯನ್ನು ಇನ್ನೊಬ್ಬರು ಗುಡ್ಡೆ ಬದಲಾಯಿಸುವ ಹಾಗಿರಲಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ಸುನಂದಮ್ಮ ಅಲ್ಲೇ ಒಂದು ಮೂಲೆಯಲ್ಲಿ ತಮ್ಮ ಚೀಟಿಗಳನ್ನು ಹರಡಿದರು. ಹಳೇ ಕ್ಯಾಲೆಂಡರಿನ ಹಾಳೆ ಹರಿದು ಒಂದೊಂದರಲ್ಲಿ ಒಂದೊಂದು ಟಿಪ್ಪಣಿ ಬರೆದಿದ್ದರು. ಈ ಪುಸ್ತಕದ್ದು ಇಲ್ಲಿ, ಆ ವರದಿಯದು ಅಲ್ಲಿ ಎಂದು ಹನ್ನೊಂದು ಗುಡ್ಡೆ ಮಾಡಿದರು. ಶಿವರುದ್ರಮ್ಮ ಎಲೆಯಡಿಕೆ ಹಾಕಿಕೊಳ್ಳುತ್ತಾ ನೋಡುತ್ತಿದ್ದರು.

"ಅದೇನೇ ಅದು, ಗುಡ್ಡೆ?"

"ಯಾವ್ ಪುಸ್ತಕದ್ದು ಯಾವ್ದು ಅಂತ ಅತ್ತೆ."

"ಯಾವ್ ಒಲದ್ ಸೊಪ್ಪು ಅಂತ ನೋಡಿ ಯಾರಾರ ಗುಡ್ಡೆ ಆಕ್ತಾರೇನೇ? ಬಣ್ಣ ನೋಡಿ ಆಕ್ಬೇಕು. ಅತ್ತ್ ಒಲದ್ದಾದ್ರೂ ಬಣ್ಣ ಒಂದೇ ಆದ್ರೆ ಒಂದೇ ಗುಡ್ಡೆ."

ಸುನಂದಮ್ಮನ ಕೈ ನಿಂತಿತು. ನನ್ನ ಕೈಯಲ್ಲಿದ್ದ ಮಜ್ಜಿಗೆ ಲೋಟವೂ ನಿಂತಿತು. ಸಾವಿರಾರು ಪುಸ್ತಕಗಳ ನಡುವೆ ಕೂತು ನಾನು ಒಂದು ದಿನವೂ ಹೇಳಲಾಗದ ಮಾತು ಅದು.

"ಅದ್ರಲ್ಲಿ ಏನ್ ಬರ್ದಿದ್ದೀಯೆ? ಓದು" ಎಂದರು ಮುದುಕಿ. ಸುನಂದಮ್ಮ ವಾಪಸು ಬಂದ ಪ್ರಬಂಧದ ಮೊದಲ ಪುಟ ಓದಿದರು. ಹಿಟ್ಟಿನ ಮಿಲ್ಲು ಬಂದು ಬೀಸುವ ಕಲ್ಲು ಮೂಲೆ ಸೇರಿತು, ಅದರೊಂದಿಗೆ ಹೆಣ್ಣುಮಕ್ಕಳ ಬದುಕಿನ ಸೊಗಸೂ ಹಾಡೂ ಅಳಿದುಹೋದವು ಎಂದಿತ್ತು. ಲೇಖನವೊಂದರಿಂದ ಎತ್ತಿಕೊಂಡ ಮಾತು. ನನಗೆ ಬಹಳ ಹಿಡಿಸಿತ್ತು.

"ಯಾವಳೇ ಅವ್ಳು ಅಂಗಂತ ಬರ್ದೋಳು?"

"ಅವ್ಳಲ್ಲ ಅತ್ತೆ. ಗಂಡಸು, ಮೇಷ್ಟ್ರು."

"ಅದ್ಕೇಯ! ನಿದ್ದೆ ತೂಕಡ್ಸಿ ಕಲ್ ಮೇಲೆ ಬಿದ್ಬುಡ್ತೀವಿ ಅಂತ ಪದ ಏಳ್ತಿದ್ವಿ ಕಣೆ. ಅತ್ತ್ ಜನದ್ ರಾಗಿ ಬೀಸ್ಬೇಕಾಗಿತ್ತು, ಕೋಳಿ ಕೂಗೋಕ್ ಮುಂಚೆ. ನೋಡು, ಈ ರಟ್ಟೆ ಇವತ್ಗೂ ಮ್ಯಾಲಕ್ಕೆ ಏಳಲ್ಲ. ಮಿಲ್ಲು ಬಂದ್ ದಿನ ಅದ್ರ ಬಾಗ್ಲಿಗೆ ಅರ್ಸಿನ ಕುಂಕುಮ ಇಟ್ಟು ಕೈ ಮುಗ್ದು ಬಂದೋಳು ನಾನು." ಸುತ್ತಲಿದ್ದ ಹೆಂಗಸರು ನಕ್ಕರು. ಶಿವರುದ್ರಮ್ಮ ನಗಲಿಲ್ಲ. "ನಿಮ್ ಮಾವ ಒಂದ್ಸಲ ಮೂಟೆ ಮ್ಯಾಗೆ ಒಳ್ಳೆ ಸೊಪ್ಪು ಜೋಡ್ಸಿ, ಒಳಗೆ ಕರೀದು ತುಂಬಿ ಅರಾಜಲ್ಲಿ ಮಾರಕ್ಕೆ ಒಯ್ದಿತ್ತು. ಬಿಚ್ಚಿ ನೋಡಿ ವಾಪಸ್ ಕಳುಸ್ಬುಟ್ರು. ನೀನೂ ಅದೇ ಮಾಡಿದ್ದೀಯೆ ಬುಡು."

ಮೇಲೆ ಒಳ್ಳೆ ಸೊಪ್ಪು ಜೋಡಿಸಲು ಹೇಳಿದವನು ಯಾರೆಂದು ಸುನಂದಮ್ಮ ಬಾಯಿ ಬಿಡಲಿಲ್ಲ. ನಾನು ಮಜ್ಜಿಗೆ ಲೋಟದಲ್ಲಿ ಮುಖ ಮುಚ್ಚಿಕೊಂಡೆ.

ಆಮೇಲೆ ಸುನಂದಮ್ಮ ಕೇಳಿದ ಒಂದು ಪ್ರಶ್ನೆಯೇ ಎಲ್ಲಕ್ಕೂ ಮೂಲ. "ಅತ್ತೆ, ಮಿಲ್ಲು ಬಂದ್ಮೇಲೆ ಆ ಬೀಸೋ ಒತ್ತು ಉಳೀತಲ್ಲ, ಅದ್ರಲ್ಲಿ ನೀವು ಏನ್ ಮಾಡ್ತಿದ್ರಿ?"

ಶಿವರುದ್ರಮ್ಮ ಪಕ್ಕದ ಗುಡ್ಡೆಯಿಂದ ಒಂದು ತಂಬಾಕಿನ ಎಲೆ ಎತ್ತಿ ಅದನ್ನೇ ನೋಡಿದರು. "ಇದೇಯ" ಎಂದರು ಕೊನೆಗೆ. "ಮಿಲ್ಲು ಬಂದ್ ವರ್ಸವೇ ನಿಮ್ ಮಾವ ಬ್ಯಾರನ್ ಕಟ್ಟುಸ್ತು."

ಸುನಂದಮ್ಮ ಹನ್ನೊಂದು ಗುಡ್ಡೆಯನ್ನೂ ಕೆಡವಿ ಒಟ್ಟು ಮಾಡಿದರು. ಮತ್ತೆ ಒಂದೊಂದೇ ಚೀಟಿ ಎತ್ತಿ, ಅದು ಏನು ಹೇಳುತ್ತದೆಂದು ನೋಡಿ ಹಾಕತೊಡಗಿದರು. ನೀರಿನ ಸಮೀಕ್ಷೆಯಲ್ಲಿ, ನಲ್ಲಿ ಬಂದ ಊರುಗಳಲ್ಲಿ ಹೆಂಗಸರಿಗೆ ದಿನಕ್ಕೆ ಒಂದೂವರೆ ಗಂಟೆ ಉಳಿಯುತ್ತದೆ ಎಂದಿತ್ತು. ತಂಬಾಕಿನ ಕೈಪಿಡಿಯಲ್ಲಿ, ಒಂದು ಬ್ಯಾರನ್ನಿಗೆ ಇಷ್ಟು ದಿನದ ವಿಂಗಡಣೆ ಕೆಲಸ ಬೇಕು, ಅದನ್ನು 'ಮನೆಯವರೇ' ಮಾಡಿಕೊಳ್ಳಬಹುದು ಎಂದಿತ್ತು. ಎರಡೂ ಪುಸ್ತಕ ನನ್ನ ಗ್ರಂಥಾಲಯದಲ್ಲಿ ಬೇರೆ ಬೇರೆ ಕಪಾಟಿನಲ್ಲಿ ವರ್ಷಗಟ್ಟಲೆ ಕೂತಿದ್ದವು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಅವರೇ ಮೊದಲು.

ಮುಂದಿನ ಒಂದು ವಾರ ಊರಿನ ಹದಿನಾಲ್ಕು ಹೆಂಗಸರ ಮನೆಗೆ ಹೋಗಿ ಅದೇ ಪ್ರಶ್ನೆ ಕೇಳಿದರು. ಹತ್ತು ಜನ ಬ್ಯಾರನ್ ಕಡೆ ಕೈ ತೋರಿಸಿದರು. ಮೂವರು ಕೂಲಿಗೆ ಹೋದೆವೆಂದರು. ಒಬ್ಬಾಕೆ ಮಾತ್ರ "ನಾನು ಆ ಒತ್ತಲ್ಲಿ ಮಲಗ್ತೀನಿ, ಯಾರಾದ್ರೂ ಏನಾದ್ರೂ ಅನ್ಕೊಳ್ಳಿ" ಎಂದಳಂತೆ. ಅದನ್ನೂ ಸುನಂದಮ್ಮ ಬಚ್ಚಿಡದೆ ಬರೆದರು. ಯಂತ್ರ ಕೆಟ್ಟದ್ದೆಂದು ಅವರು ಎಲ್ಲೂ ಹೇಳಲಿಲ್ಲ. ಯಂತ್ರ ಬಂದು ಹೊತ್ತು ಉಳಿಸಿದ್ದು ನಿಜ, ಆದರೆ ಆ ಹೊತ್ತನ್ನು ಏನು ಮಾಡಬೇಕೆಂದು ಉಳಿಸಿಕೊಂಡವರನ್ನು ಯಾರೂ ಕೇಳಲಿಲ್ಲ, ಎಂದರು. ಅದೇ ಅವರ ವಾದ. ಈ ಸಲ ಹದಿನಾರೇ ಪುಟ.

ಗಡುವಿಗೆ ಒಂದು ದಿನ ಮುಂಚೆ ಮೈಸೂರಿಗೆ ಹೋಗಿ ಕೊಟ್ಟರು. ಅಧ್ಯಾಪಕರು ಕೊನೆಯ ಪುಟದ ಆಧಾರಗಳ ಪಟ್ಟಿಯ ಮೇಲೆ ಬೆರಳಿಟ್ಟು, "ಈ ಶಿವರುದ್ರಮ್ಮ ಅನ್ನೋರ ಪುಸ್ತಕ ನಾನು ನೋಡಿಲ್ವಲ್ಲ" ಎಂದರಂತೆ. "ಪುಸ್ತಕ ಇಲ್ಲ ಸಾರ್, ನಮ್ಮತ್ತೆ" ಎಂದು ಇವರು. ಅವರು ಕನ್ನಡಕ ತೆಗೆದು ಮತ್ತೆ ಮೊದಲ ಪುಟದಿಂದ ಓದಲು ಕೂತರಂತೆ. ಐವತ್ತಕ್ಕೆ ನಲವತ್ತಮೂರು ಬಂತು. ಹೆಮ್ಮೆಯಿಂದ ನಾನು ಆ ವಾರವೆಲ್ಲ ಹಾಳೆ ಮಡಿಸಿದವರನ್ನೂ ಬೈಯಲಿಲ್ಲ.

ಅಂಕ ಬಂದ ಮೇಲಿನ ಭಾನುವಾರ ನಾನು ಮತ್ತೆ ಅವರೂರಿಗೆ ಹೋದೆ, ಒಂದು ಪ್ರತಿಯನ್ನು ಗ್ರಂಥಾಲಯಕ್ಕೆ ಕೇಳಲು. ಅದೇ ಗೋಣಿತಾಟು, ಅದೇ ಗುಡ್ಡೆಗಳು. ಪೂರಾ ಓದಬೇಕೆಂದು ಶಿವರುದ್ರಮ್ಮ ಹಟ ಹಿಡಿದರು. ಸುನಂದಮ್ಮ ಹದಿನಾರು ಪುಟವನ್ನೂ ಓದಿದರು, ಆಧಾರಗಳ ಪಟ್ಟಿ ಸಮೇತ. ತಮ್ಮ ಹೆಸರು ಬಂದಾಗ ಮುದುಕಿ, "ಇನ್ನೊಂದ್ಸಲ ಓದು" ಎಂದು ಎರಡು ಸಲ ಓದಿಸಿದರು.

ಜವರಯ್ಯ ಬ್ಯಾರನ್ನಿನ ಬಾಗಿಲಿಗೆ ಒರಗಿ ನಿಂತಿದ್ದ. ಅವನ ಮುಖ ಕೆಂಪಾಗಿತ್ತು. "ಅಂಗಾದ್ರೆ ನಿನ್ ಒತ್ತ ನಾನು ಕದ್ದೆ ಅಂತ ಊರಿಗೆಲ್ಲ ಬರ್ದಿದ್ದೀಯ?" ಎಂದ.

ಡಿಗ್ರಿ ಬಂದೇ ಬರುತ್ತಿತ್ತು. ಆದರೆ ಬರೆದದ್ದು ಈ ಅಂಗಳದಲ್ಲಿ ನಿಲ್ಲದಿದ್ದರೆ ಅದರಿಂದ ಏನು ಬಂತು ಎಂದು ನನಗೇ ಅನ್ನಿಸಿತು. ಸುನಂದಮ್ಮ ಹಾಳೆ ಕೆಳಗಿಡಲಿಲ್ಲ. "ಕದ್ರಿ ಅಂತ ಬರ್ದಿಲ್ಲ. ಕೇಳ್ಳಿಲ್ಲ ಅಂತ ಬರ್ದಿವ್ನಿ" ಎಂದರು.

"ನಾನೂ ಕೇಳ್ಳಿಲ್ಲ ಕಣ್ಲಾ" ಎಂದರು ಶಿವರುದ್ರಮ್ಮ ಮಗನಿಗೆ. "ನನ್ನ ಯಾರೂ ಕೇಳಿರ್ಲಿಲ್ಲ, ಅದ್ಕೆ ನಾನೂ ಇವಳನ್ನ ಕೇಳ್ಳಿಲ್ಲ. ಈಗ ಕೇಳ್ತೀನಿ. ಏನೇ ಸುನಂದಿ, ಯಾವ್ ಒತ್ತು ಬೇಕು ನಿಂಗೆ?"

ಸುನಂದಮ್ಮ ಆಕಾಶ ನೋಡಿದರು. "ಇದೇ ಒತ್ತು ಅತ್ತೆ. ನಾಕು ಗಂಟೆ ಮೇಲೆ, ಬೆಳಕಿರೋವಾಗ."

"ತಕ್ಕೊ. ಲೇ ಜವರ, ಬಾರ್ಲಾ ಇಲ್ಲಿ, ಕೂತ್ಕೊ. ಇವಳ್ ಜಾಗ ನಿಂದು."

ಹೆಂಗಸರ ಸಾಲಿನಲ್ಲಿ ಗಂಡಸು ಕೂತು ಸೊಪ್ಪು ವಿಂಗಡಿಸಿದ್ದನ್ನು ಆ ಊರು ಅಲ್ಲಿಯವರೆಗೆ ಕಂಡಿರಲಿಲ್ಲ. ಜವರಯ್ಯ ನನ್ನ ಕಡೆ ನೋಡಿದ, ತಾಯಿಯ ಕಡೆ ನೋಡಿದ, ಪಂಚೆ ಮೇಲೆತ್ತಿ ಕಟ್ಟಿಕೊಂಡು ಗೊಣಗುತ್ತಲೇ ಕೂತ. ಒಂದು ಎಲೆ ಎತ್ತಿ ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿದ.

"ಲೇ ಸುನಂದ, ಇದು ಯಾವ್ ಗುಡ್ಡೆಗೆ?" ಎಂದು ಕೇಳಿದ.

ಸುನಂದಮ್ಮ ಆಗಲೇ ಕೈ ತೊಳೆದುಕೊಂಡು ಹೋಗಿ ಜಗಲಿಯ ಮೇಲೆ ಪುಸ್ತಕ ಬಿಚ್ಚಿದ್ದರು.