ಏಕಾದಶಿಯ ದಿನ ಕಾಗೆ ಎಣಿಸಿದವಳು

ನಮ್ಮ ಹರಿಪ್ರಿಯಾಳಿಗೆ ಈಗ ಹದಿನೇಳು ವರ್ಷ. ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ ಹುಟ್ಟಿ ಬೆಳೆದವಳು. ನಿದ್ದೆಯಲ್ಲಿ ಬಡಬಡಿಸುವುದೂ ಹಿಂದಿಯಲ್ಲೇ. ಮನೆಯಲ್ಲಿ ಮಾತ್ರ ಕನ್ನಡ, ಅದೂ ಕೆಲಸ ಬಿದ್ದಾಗ. ‘ಅತ್ಯಾ’ ಎಂದು ಕರೆದಳೆಂದರೆ ನನ್ನಿಂದ ಏನೋ ಆಗಬೇಕಾಗಿದೆ ಎಂದೇ ತಿಳಿಯಬೇಕು.

ನಾನು ಅವಳ ಸೋದರತ್ತೆ ಶ್ರೀರಮಾ. ಅಣ್ಣ ವಿದ್ಯಾಧೀಶ ಆಚಾರ್ಯ ಪುರೋಹಿತ. ಕರ್ನಾಟಕದಿಂದ ಕಾಶಿಗೆ ಬರುವ ಯಾತ್ರಿಕರಿಗೆ ನಮ್ಮ ಮನೆಯಲ್ಲೇ ಶ್ರಾದ್ಧ ಮಾಡಿಸುತ್ತಾನೆ. ಅತ್ತಿಗೆ ಅಂಬುಜಾಕ್ಷಿ ಮಡಿಯಲ್ಲಿ ಅಡುಗೆ ಮಾಡುತ್ತಾಳೆ. ಗಂಡನನ್ನು ಕಳೆದುಕೊಂಡು ಇಪ್ಪತ್ತೆಂಟು ವರ್ಷದ ಹಿಂದೆ ನಾನು ಈ ಮನೆಗೆ ಬಂದಾಗ ಉಳಿದಿದ್ದ ಕೆಲಸ ಒಂದೇ, ಮಾಳಿಗೆಯ ಮೇಲೆ ಕೋಲು ಹಿಡಿದು ನಿಲ್ಲುವುದು. ಪಿತೃಗಳಿಗೆಂದು ಕಟ್ಟೆಯ ಮೇಲಿಟ್ಟ ಅನ್ನದ ಉಂಡೆಯನ್ನು ಕಾಗೆ ಮುಟ್ಟಬೇಕು. ಮುಟ್ಟಿದ ಮೇಲೆಯೇ ಕೆಳಗೆ ಎಲೆ ಹಾಕುವುದು. ಆದರೆ ಕಾಶಿಯ ಮಂಗಗಳಿಗೆ ಪಿತೃಗಳ ಮರ್ಯಾದೆ ಎಲ್ಲಿಂದ ಬರಬೇಕು? ಪಾರಿವಾಳಗಳಂತೂ ಮಂತ್ರ ಮುಗಿಯುವವರೆಗೂ ಕಾಯುವುದಿಲ್ಲ. ಅದಕ್ಕೇ ನಾನು, ನನ್ನ ಬಿದಿರು ಕೋಲು.

ಹರಿಪ್ರಿಯಾಳಿಗೆ ಚಿಕ್ಕಂದಿನಿಂದಲೂ ಜೀವಿಗಳ ಹುಚ್ಚು. ಹಲ್ಲಿ ಬಾಲ ಕಳಚಿಕೊಂಡರೆ ಮತ್ತೆ ಎಷ್ಟು ದಿನಕ್ಕೆ ಬೆಳೆಯುತ್ತದೆ ಎಂದು ದೇವರ ಕೋಣೆಯ ಗೋಡೆಗೆ ಪೆನ್ಸಿಲಿನಲ್ಲಿ ಗೀಟು ಎಳೆದು ಬೈಸಿಕೊಂಡವಳು. ಹನ್ನೊಂದನೆಯ ತರಗತಿಯಲ್ಲಿ ಬಯಾಲಜಿ ತೆಗೆದುಕೊಂಡಳು. ಮುಂದೆಯೂ ಅದನ್ನೇ ಓದುತ್ತೇನೆ ಎಂದಾಗ ಅಣ್ಣ ಒಪ್ಪಲಿಲ್ಲ. ಮನೆಗೆ ಹತ್ತಿರದ ಸಂಸ್ಕೃತ ಕಾಲೇಜಿಗೆ ಸೇರಿಸುವ ಆಸೆ ಅವನದು. ಅಪ್ಪ ಮಗಳು ಮೂರು ದಿನ ಮುಖ ಊದಿಸಿಕೊಂಡು ಕೂತರು. ಕೊನೆಗೆ ಶಾಲೆಯ ವಿಜ್ಞಾನ ಪ್ರಾಜೆಕ್ಟಿನ ಮಾತು ಬಂತು. ಕಾರ್ತಿಕದಲ್ಲಿ ಕಂಟೋನ್ಮೆಂಟಿನ ಹತ್ತಿರದ ಸಭಾಂಗಣದಲ್ಲಿ ಹತ್ತಾರು ಶಾಲೆಗಳ ಪ್ರದರ್ಶನ, ಅಲ್ಲಿ ಗೆದ್ದವರು ರಾಜ್ಯಮಟ್ಟದ ಸ್ಪರ್ಧೆಗೆ ಲಖನೌಗೆ.

“ಲಖನೌಕ್ಕ ಹೋದ್ಯಂದ್ರ ಬಯಾಲಜಿ ಓದು, ನಾ ಬ್ಯಾಡ ಅನ್ನೂದಿಲ್ಲ. ಇಲ್ಲಾಂದ್ರ ನಾ ಹೇಳಿದ್ದು ಕೇಳಬೇಕು,” ಎಂದ ಅಣ್ಣ.

“ಪಕ್ಕಾ?” ಎಂದಳು ಹುಡುಗಿ.

“ಪಕ್ಕಾ.”

ಅವಳು ಆರಿಸಿಕೊಂಡ ವಿಷಯ ಮನೆಯ ಮಾಳಿಗೆಯದೇ, ಶ್ರಾದ್ಧದ ಉಂಡೆಯನ್ನು ಮೊದಲು ಮುಟ್ಟುವ ಪ್ರಾಣಿ ಯಾವುದು ಎಂಬುದು. ನಲವತ್ತೊಂದು ಶ್ರಾದ್ಧಗಳ ಲೆಕ್ಕ ಬರೆದಿಟ್ಟಳು. ನಲವತ್ತೊಂದು ಸಲವೂ ಕಾಗೆಯೇ. ಕೆಂಪು ನೀಲಿ ಬಣ್ಣದ ಗ್ರಾಫ್ ಬರೆದಳು, ನಾವೆಲ್ಲ ನೋಡಿ ಉಬ್ಬಿಹೋದೆವು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ನಾನು ಹೆರದೆಯೂ ಹಾಗೇ ಆಗಿದ್ದೆ. ಅವಳ ಮಾಸ್ತರು ಮಾತ್ರ ಕೆಂಪು ಶಾಯಿಯಲ್ಲಿ ‘ಇದು ನಂಬಿಕೆ, ವಿಜ್ಞಾನವಲ್ಲ. ತಿದ್ದಿ ತಂದರೆ ಕಳಿಸೋಣ’ ಎಂದು ಬರೆದು ಹಿಂದಿರುಗಿಸಿದರು. ಹುಡುಗಿ ಊಟ ಬಿಟ್ಟಳು. ನಾನು ಆ ಮಾಸ್ತರರಿಗೆ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆಷಾಢದ ಅದೇ ವಾರ ಗದಗಿನಿಂದ ಅಕ್ಕ ತಮ್ಮ ಇಬ್ಬರು ತಾಯಿ ಕಾಳಮ್ಮನವರ ಶ್ರಾದ್ಧಕ್ಕೆಂದು ಬಂದರು. ತಮ್ಮ ಸುನಿಲ ಕರ್ಮಕ್ಕೆ ಕೂತ. ಅಕ್ಕ ಪ್ರಮೀಳಾ ನನ್ನ ಜೊತೆ ಮಾಳಿಗೆ ಹತ್ತಿದರು. ಅರವತ್ತು ದಾಟಿದ ಗಟ್ಟಿ ಹೆಂಗಸು, ಕೊರಳಲ್ಲಿ ದುರ್ಬೀನು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು, ಇಪ್ಪತ್ತು ವರ್ಷ ಹಕ್ಕಿಗಳ ಮೇಲೆಯೇ ಸಂಶೋಧನೆ ಮಾಡಿದವರು ಎಂದು ಮಾತಿನ ನಡುವೆ ಗೊತ್ತಾಯಿತು. ಕಾಗೆ ಉಂಡೆ ಮುಟ್ಟಿತು, ಊಟವಾಯಿತು. ನಾನು ಸಂಕೋಚವಿಲ್ಲದೆ ಹರಿಪ್ರಿಯಾಳ ನೋಟುಬುಕ್ಕನ್ನು ಅವರ ಮಡಿಲಿಗೆ ಹಾಕಿದೆ. ಮಾಸ್ತರರಿಗೆ ಸರಿಯಾಗಿ ಉಗಿಯುವವರು ಸಿಕ್ಕರು ಎಂಬ ಖುಷಿ ನನಗೆ.

ಅವರು ಪುಟ ಪುಟ ನಿಧಾನವಾಗಿ ನೋಡಿದರು. “ತಂಗಿ, ನಲವತ್ತೊಂದಕ್ಕ ನಲವತ್ತೊಂದು! ಒಂದು ಸಲನೂ ಮಂಗ್ಯಾ ಮುಟ್ಟಿಲ್ಲೇನು? ಈಗ ನಾನ ನೋಡಿದೆ, ಅಲ್ಲಿ ಆರು ಮಂಗ್ಯಾ ಕುಂತಿದ್ವು.”

“ಮಂಗ್ಯಾ ಬಂದ್ರ ಅತ್ಯಾ ಓಡಸ್ತಾಳಲ್ಲ ಮೇಡಂ,” ಎಂದಳು ಹರಿಪ್ರಿಯಾ, ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎಂದಷ್ಟು ಸಹಜವಾಗಿ.

ಹೇಳಿ ಮುಗಿಸುವಷ್ಟರಲ್ಲಿ ಅವಳ ಮುಖ ಬಿಳಿಚಿತು. ನನಗೆ ತಿಳಿಯಲು ಇನ್ನೊಂದು ಗಳಿಗೆ ಬೇಕಾಯಿತು. ಕಾಗೆ ಒಂದನ್ನು ಬಿಟ್ಟು ಉಳಿದ ಎಲ್ಲವನ್ನೂ ನಾನೇ ಕೋಲೆತ್ತಿ ಓಡಿಸುತ್ತಿದ್ದೆ. ಆಮೇಲೆ ಅವಳು ಕಾಗೆಯೇ ಮೊದಲು ಎಂದು ಬರೆದುಕೊಳ್ಳುತ್ತಿದ್ದಳು! ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಗಿತ್ತು. ನಾವು ನಾಲ್ಕು ಜನ ಆ ಗ್ರಾಫ್ ನೋಡಿದ್ದೆವು, ಒಬ್ಬರಿಗೂ ಹೊಳೆದಿರಲಿಲ್ಲ. ನಮ್ಮ ಕಣ್ಣಿಗೆ ಕೋಲು ಹಿಡಿದ ನಾನು ಮಾಳಿಗೆಯ ಕಟ್ಟೆಯಷ್ಟೇ ಇದ್ದದ್ದು ಇದ್ದಲ್ಲೇ ಇರುವ ವಸ್ತು.

“ಹಂಗಾರ ಎಲ್ಲಾ ವೇಸ್ಟ್,” ಎಂದು ಹುಡುಗಿ ನೋಟುಬುಕ್ಕು ಕಿತ್ತುಕೊಳ್ಳಲು ಹೋದಳು. ಪ್ರಮೀಳಾ ಮೇಡಂ ಬಿಡಲಿಲ್ಲ.

“ತಡಿಯವ್ವಾ. ತಪ್ಪು ಸಿಕ್ಕರ ಅಳಬಾರದು, ಹಿಡಕೋಬೇಕು. ಇಲ್ಲಿ ನೋಡು, ಹದಿನೈದು ದಿನಕ್ಕೊಮ್ಮೆ ಒಂದು ಸಾಲು ಖಾಲಿ ಐತಿ. ಯಾಕ?”

“ಏಕಾದಶಿ ಅಲ್ಲೇನ್ರಿ,” ಎಂದೆ ನಾನು. “ನಮ್ಮಲ್ಲಿ ಅವತ್ತು ಶ್ರಾದ್ಧ ಇಲ್ಲ, ಒಲಿ ಮ್ಯಾಲೆ ಅನ್ನ ಏರೂದಿಲ್ಲ. ಪಿಂಡ ಇಲ್ಲದ ದಿನ ಏನು ಎಣಸ್ಬೇಕು?”

“ಅದನ್ನ ಎಣಸ್ಬೇಕ್ರಿ ಬಾಯಾರ! ಅನ್ನ ಇಟ್ಟಾಗ ಕಾಗಿ ಬರ್ತೈತಿ ಅನ್ನೂದು ಎಲ್ಲಾರಿಗೂ ಗೊತ್ತೈತಿ. ಅನ್ನ ಇಲ್ಲದ ದಿನ ಏನು ಮಾಡ್ತೈತಿ? ಕಾಗಿ ಕುಂದ್ರೂದಕ್ಕೂ ಟೊಂಗಿ ಮುರಿಯೂದಕ್ಕೂ ಸುಮ್ನ ಕೂಡಿ ಬಂತೋ, ಖರೇನ ಕಾಗಿ ಭಾರಕ್ಕ ಮುರೀತೋ, ಅದನ್ನ ತಿಳ್ಕೊಳ್ಳೂದ ನಮ್ಮ ಕೆಲಸ. ಬರೀ ಕಟ್ಟಿ ನೋಡು ತಂಗಿ. ಸೊನ್ನಿ ಬಂದ್ರ ಸೊನ್ನಿನ ಬರಿ.”

ಹೊರಡುವಾಗ ಫೋನ್ ನಂಬರು ಕೊಟ್ಟು ಹೋದರು. ದಕ್ಷಿಣೆ ಕೊಡುವವರನ್ನು ಇಪ್ಪತ್ತೆಂಟು ವರ್ಷದಿಂದ ನೋಡಿದ್ದೇನೆ, ಬುದ್ಧಿಯನ್ನು ಬಿಟ್ಟಿ ಕೊಡುವವರೂ ಬೇಕಾದಷ್ಟು ಬರುತ್ತಾರೆ. ಕೊಟ್ಟ ಬುದ್ಧಿ ಕೆಲಸಕ್ಕೆ ಬಂದದ್ದು ಅದೇ ಮೊದಲು.

ಮುಂದಿನ ಏಕಾದಶಿ ಹರಿಪ್ರಿಯಾ ಮೆಟ್ಟಿಲ ತುದಿಯ ಗೂಡಿನಲ್ಲಿ ಕೂತು ಕಿಟಕಿಯಿಂದ ನೋಡಿದಳು. ಉಪವಾಸದ ಹೊಟ್ಟೆ, ಶ್ರಾವಣದ ಸೆಕೆ. ಶ್ರಾದ್ಧದ ದಿನ ಹನ್ನೊಂದೂವರೆಗೆಲ್ಲ ಹದಿನೈದು ಕಾಗೆ ಸೇರುವ ಕಟ್ಟೆಗೆ ಅಂದು ಬಂದದ್ದು ಎರಡು. ಅದರ ಮುಂದಿನ ಏಕಾದಶಿ ಒಂದು. ಅಣ್ಣನಿಗೆ ಖುಷಿಯೋ ಖುಷಿ.

“ನೋಡಿದ್ಯಾ, ಕಾಶೀ ಕಾಗೀನೂ ಏಕಾದಶಿ ಮಾಡ್ತಾವ. ಬರಕೋ,” ಎಂದ.

ಅವಳು ಇನ್ನೇನು ಬರೆದೇಬಿಡುತ್ತಿದ್ದಳು. ಪುಣ್ಯಕ್ಕೆ ಮೊದಲು ಗದಗಿಗೆ ಫೋನ್ ಮಾಡಿದಳು. ಮೇಡಂ ನಗಲಿಲ್ಲ. ಏಕಾದಶಿಯ ದಿನ ನಿಮ್ಮ ಮನೆಯಲ್ಲಿ ಇನ್ನೂ ಏನೇನು ಆಗುವುದಿಲ್ಲ, ಎಲ್ಲ ಬರೆ ಎಂದರು. ಅನ್ನ ಬೇಯುವುದಿಲ್ಲ. ಯಾತ್ರಿಕರು ಬರುವುದಿಲ್ಲ. ಮಂತ್ರ ಇಲ್ಲ. ಎಲೆ ಬೀಳುವುದಿಲ್ಲ. ಅಷ್ಟು ಬರೆದು ಪೆನ್ನು ಕಚ್ಚುತ್ತ ನನ್ನನ್ನೇ ನೋಡಿದಳು.

“ಅತ್ಯಾ, ನೀ ಮಾಳಿಗಿ ಹತ್ತೂದಿಲ್ಲ.”

“ಒಂದೊಂದನ್ನ ಬದಲಿಸಿ ನೋಡು,” ಎಂದಿತು ಫೋನು. “ಎರಡು ಒಮ್ಮೆಗೇ ಬದಲಿಸಿದ್ರ ಯಾವುದರಿಂದ ಆತು ಅಂತ ತಿಳಿಯೂದಿಲ್ಲ. ಮೊದಲು ನಿಮ್ಮ ಅತ್ತೀನ್ನ ಹತ್ತಸು.”

ನಾನು ಒಪ್ಪಲಿಲ್ಲ. ಬರಿಗೈಯಲ್ಲಿ ಹೋಗಿ ನಿಂತು, ಬಂದ ಹಕ್ಕಿಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವುದು ಪಾಪ ಎಂದು ರಂಪ ಮಾಡಿದೆ. ಅಣ್ಣನೇ ದಾರಿ ಹುಡುಕಿದ. “ದ್ವಾದಶಿಗೆ ಎರಡರಷ್ಟು ಹಾಕೂಣಂತ, ನೀ ಮಾಳಿಗಿ ಹತ್ತು,” ಎಂದ. ಅವನಿಗೂ ಒಳಗೊಳಗೆ ಕುತೂಹಲ ಹತ್ತಿತ್ತು, ಹೇಳಿಕೊಳ್ಳಲು ಬಿಗುಮಾನ ಅಷ್ಟೇ.

ಮೂರನೆಯ ಏಕಾದಶಿಯಂದು ಹನ್ನೊಂದೂವರೆಗೆ ಕೋಲು ಹಿಡಿದು ಮಾಳಿಗೆ ಹತ್ತಿದೆ. ಕಟ್ಟೆ ಖಾಲಿ, ಒಲೆ ತಣ್ಣಗೆ. ಮೊದಲು ಎದುರಿನ ಮನೆಯ ನೀರಿನ ಟಾಕಿಯ ಮೇಲೊಂದು ಬಂದು ಕೂತು ಕೂಗಿತು. ಆಮೇಲೆ ಮೂರು, ಆಮೇಲೆ ಘಾಟಿನ ಕಡೆಯಿಂದ ಒಟ್ಟಿಗೆ ಎಂಟೊಂಬತ್ತು. ನಾಲ್ಕು ನಿಮಿಷದಲ್ಲಿ ಹದಿಮೂರು ಕಾಗೆಗಳು ಕಟ್ಟೆಯ ತುಂಬ ಕೂತು ಕತ್ತು ವಾರೆ ಮಾಡಿ ನನ್ನನ್ನು ನೋಡುತ್ತಿದ್ದವು. ಕಿಟಕಿಯ ಹಿಂದೆ ಹರಿಪ್ರಿಯಾ ಬಾಯಿಗೆ ದಾವಣಿ ಒತ್ತಿಕೊಂಡು ಕುಣಿಯುತ್ತಿದ್ದಳು. ನನಗೆ ಅಳು ಬಂತು. ಇಪ್ಪತ್ತೆಂಟು ವರ್ಷ ನಾನು ಕಾಗೆಗಳಿಗಾಗಿ ಕಾಯುತ್ತಿದ್ದೇನೆ ಎಂದುಕೊಂಡಿದ್ದೆ, ಅವೂ ನನಗಾಗಿ ಕಾಯುತ್ತಿದ್ದವು ಎಂದು ಗೊತ್ತಿರಲಿಲ್ಲ.

ಒಂದು ದಿನದ್ದು ಸಾಕ್ಷಿಯಲ್ಲ ಎಂದರು ಮೇಡಂ. ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ಶ್ರಾದ್ಧವಿಲ್ಲದ ದಿನವೆಲ್ಲ ಹರಿಪ್ರಿಯಾ ಅರಿಶಿನದ ಡಬ್ಬಿಯಲ್ಲಿ ನಾಲ್ಕು ಚೀಟಿ ಹಾಕಿ ಒಂದನ್ನು ಎತ್ತುವಳು. ಕೋಲು ಹಿಡಿದ ಅತ್ತೆ, ಕೋಲಿಲ್ಲದ ಅತ್ತೆ, ಅತ್ತೆಯ ಕೋಲು ಹಿಡಿದ ಹರಿಪ್ರಿಯಾ, ಯಾರೂ ಇಲ್ಲ. ಇಂದು ಯಾವುದು ಎಂದು ನೀನು ನಿರ್ಧರಿಸಿದರೆ ನಿನಗೆ ಬೇಕಾದ ದಿನವನ್ನೇ ಆರಿಸುತ್ತೀ, ಚೀಟಿಗೆ ಆಸೆ ಇರುವುದಿಲ್ಲ ಎಂದು ಮೇಡಂ ಹೇಳಿದ್ದರಂತೆ. ಕಿಟಕಿಯಲ್ಲಿ ಮೊಬೈಲು ಒರಗಿಸಿ ಇಪ್ಪತ್ತು ನಿಮಿಷ ವಿಡಿಯೊ ತೆಗೆದು, ಇವಳು ಎಣಿಸಿ, ತನ್ನ ಎಣಿಕೆ ಹೇಳದೆ ಗದಗಿಗೆ ಕಳಿಸುವಳು. ಅಲ್ಲಿ ಮೇಡಂ ಬೇರೆಯಾಗಿ ಎಣಿಸುವರು. ನಾನು ಮೊಣಕಾಲು ನೋವಿನಲ್ಲಿ ಹತ್ತಿ ಇಳಿಯುವೆ. ಒಂದು ದಿನ ರೇಗಿ ಡಬ್ಬಿ ಬಚ್ಚಿಟ್ಟೆ. ಸಂಜೆ ನಾನೇ ಹುಡುಕಿದಂತೆ ಮಾಡಿ ಕೊಟ್ಟೆ.

ಇಪ್ಪತ್ತನಾಲ್ಕು ದಿನದ ಲೆಕ್ಕ ಕಾರ್ತಿಕಕ್ಕೆ ಮುಗಿಯಿತು. ಯಾರೂ ಇಲ್ಲದಾಗ ಸರಾಸರಿ ಎರಡು ಕಾಗೆ. ಹರಿಪ್ರಿಯಾ ನನ್ನ ಕೋಲು ಹಿಡಿದು ನಿಂತಾಗ ಮೂರು. ಕೋಲು ಹಿಡಿದ ನಾನು ಹದಿಮೂರು, ಕೋಲಿಲ್ಲದ ನಾನು ಹನ್ನೆರಡು. ಮಡಿ ಸೀರೆ ಉಟ್ಟರೂ ಅಷ್ಟೇ, ಸೋನಾರ್‌ಪುರದ ಸಂತೆಗೆ ಹೋಗುವ ಹೂವಿನ ಸೀರೆ ಉಟ್ಟರೂ ಅಷ್ಟೇ. ಕೆಂಪು ಶಾಯಿಯ ಮಾಸ್ತರು ಎರಡು ಸಲ ಓದಿ, ತಾವೇ ಅರ್ಜಿ ತುಂಬಿ ಕಳಿಸಿದರು. ಅವರಿಗೆ ನಾನು ಬೈದದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಪ್ರದರ್ಶನದ ದಿನ ಇ-ರಿಕ್ಷಾ, ಆಟೊ ಹತ್ತಿ ಇಳಿದು ಕಂಟೋನ್ಮೆಂಟಿಗೆ ಹೋದೆವು. ಅಣ್ಣನೂ ಬಂದ, ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಂತ. ಒಬ್ಬ ಹುಡುಗ ರೋಬೋಟ್ ಮಾಡಿದ್ದ, ಇನ್ನೊಬ್ಬಳು ಹೊಳೆಯುವ ದೀಪಗಳ ಹೃದಯ ಮಾಡಿದ್ದಳು. ನಮ್ಮವಳ ಬೋರ್ಡಿನ ಮೇಲೆ ಮೊದಲಿಗೇ ಆ ಹಳೆಯ ನಲವತ್ತೊಂದರ ಗ್ರಾಫ್, ಅದರ ಮೇಲೆ ಅಡ್ಡಗೀಟು. ಅದನ್ನು ತೆಗೆದುಹಾಕು ಎಂದು ನಾನು ಕಾಲು ಹಿಡಿಯುವುದೊಂದು ಬಾಕಿ. ಮೇಡಂ ಇಡು ಎಂದಿದ್ದಾರೆ ಎಂದು ಹಟ ಹಿಡಿದಿದ್ದಳು.

ತೀರ್ಪುಗಾರ್ತಿ ಕನ್ನಡಕ ಏರಿಸಿ ಅದನ್ನೇ ನೋಡಿದರು. ತಪ್ಪು ಗ್ರಾಫನ್ನು ಯಾರಾದರೂ ತೂಗುಹಾಕುತ್ತಾರೆಯೇ ಎಂದು ಹಿಂದಿಯಲ್ಲಿ ಕೇಳಿದರು. ಇದು ತಪ್ಪೆಂದು ತಿಳಿದ ಮೇಲೆಯೇ ಉಳಿದದ್ದೆಲ್ಲ ಶುರುವಾಯಿತು ಮೇಡಂ, ಎಂದಳು ಹರಿಪ್ರಿಯಾ. ಕಾಗೆಗಳು ಗುರುತಿಸುವುದು ಮುಖವನ್ನೋ ನಡಿಗೆಯನ್ನೋ ಎಂದು ಅವರು ಮತ್ತೆ ಕೇಳಿದರು. ಗೊತ್ತಿಲ್ಲ, ಮುಖ ಮುಚ್ಚಿಸಿ ನೋಡಬೇಕು, ಇನ್ನೂ ಮಾಡಿಲ್ಲ ಎಂದಳು ಇವಳು. ‘ಗೊತ್ತಿಲ್ಲ’ ಎಂದಾಗ ನಾನು ಹಣೆ ಚಚ್ಚಿಕೊಂಡೆ. ತೀರ್ಪುಗಾರ್ತಿ ಮಾತ್ರ ಮುಗುಳ್ನಕ್ಕು ಏನೋ ಬರೆದುಕೊಂಡರು. ಬೋರ್ಡಿನ ಮೇಲೆ ‘ವ್ಯಕ್ತಿ ಒಂದು’ ಎಂದಿದೆಯಲ್ಲ, ಯಾರದು ಎಂದು ಕೇಳಿದರು. ವ್ಯಕ್ತಿ ಎರಡು ನಾನು, ಒಂದು ಅವರು ಎಂದು ಹುಡುಗಿ ಬೆರಳು ತೋರಿಸಿದಳು. ಇಡೀ ಸಭಾಂಗಣ ನನ್ನ ಕಡೆ ತಿರುಗಿತು. ನಾನು ಸೆರಗು ಹೊದ್ದು ನೆಟ್ಟಗೆ ನಿಂತೆ.

ಸಂಜೆ ಮೊದಲ ಬಹುಮಾನಕ್ಕೆ ಕೂಗಿದ ಹೆಸರು ಹರಿಪ್ರಿಯಾ ಆಚಾರ್ಯ. ನಾನು ಸಿಳ್ಳೆ ಹಾಕುವುದೊಂದು ಬಾಕಿ. ಅವಳು ವೇದಿಕೆಯಿಂದಲೇ ಗದಗಿಗೆ ಫೋನ್ ಮಾಡಿದಳು, ಆ ಕಡೆಯಿಂದ ಪ್ರಮೀಳಾ ಮೇಡಂ ಕೂಗಿದ್ದು ನಮಗೆಲ್ಲ ಕೇಳಿಸಿತು. ಅಣ್ಣ ಮನೆಗೆ ಬಂದು ಕಾಲು ತೊಳೆದುಕೊಂಡ. “ಮಾತು ಮಾತೇ. ಬಯಾಲಜಿ ಓದು,” ಎಂದು ಹೇಳಿ ಸಂಧ್ಯಾವಂದನೆಗೆ ಹೋದ. ಅವನ ಒಪ್ಪಿಗೆಯಲ್ಲಿ ಸೋಲಿನ ಬಿಗುವು ಇನ್ನೂ ಇತ್ತು.

ಲಖನೌಗೆ ಅವಳ ಜೊತೆ ನಾನೇ ಹೋದೆ. ಎರಡನೆಯ ದಿನ ಬೋರ್ಡು ನಿಲ್ಲಿಸುತ್ತಿರುವಾಗ ಅಣ್ಣನ ಫೋನ್ ಬಂತು. ಮಧ್ಯಾಹ್ನ ಒಂದು ಗಂಟೆ ಹತ್ತಿರ. ಮನೆಯಲ್ಲಿ ಶ್ರಾದ್ಧ, ರಾಯಚೂರಿನಿಂದ ಬಂದ ಯಾತ್ರಿಕರು ಕೆಳಗೆ ಹಸಿದು ಕೂತಿದ್ದಾರೆ. ಅಣ್ಣ ನನ್ನ ಕೋಲು ಹಿಡಿದು ಮುಕ್ಕಾಲು ಗಂಟೆಯಿಂದ ಮಾಳಿಗೆಯ ಮೇಲೆ ನಿಂತಿದ್ದಾನೆ. ಮಂಗಗಳ ಗುರುಗುಟ್ಟುವಿಕೆ ಫೋನಿನಲ್ಲೇ ಕೇಳುತ್ತಿತ್ತು.

“ರಮಾ, ನೀ ಯಾವಾಗ ಬರ್ತೀ?” ಎಂದ. ಅಷ್ಟರಲ್ಲಿ ಫೋನಿನಲ್ಲಿ ಕಾಗೆ ಕೂಗಿತು. “ಹಾಂ, ಹಾಂ, ಈಗ ಒಂದು ಬಂದು ಮುಟ್ಟಿತು. ಒಟ್ಟು ಮೂರ ಬಂದಾವ ನೋಡು. ಹನ್ನೆರಡು ಐವತ್ತೆರಡು. ಹರಿಗೆ ಬರಕೋ ಅಂತ ಹೇಳು. ವ್ಯಕ್ತಿ ಮೂರು ಅಂತ ನನ್ನ ಹಾಕು ಅನ್ನು.”

ಹರಿಪ್ರಿಯಾ ಬೋರ್ಡಿಗೆ ಒರಗಿ ನಿಂತು ನೋಟುಬುಕ್ಕು ತೆರೆದಳು. ತಾರೀಖು, ವೇಳೆ ಬರೆದು, ಅದರ ಮುಂದೆ ಮೂರು ಎಂದು ಬರೆದಳು.